ಕಂಪ್ಯೂಟರಿಗೆ ಪ್ರಿಂಟರ್ ಜೋಡಿಸುವ ಕ್ರಮ

ಕೈಬರಹದ ಪಹಣಿಗಳು 'ಭೂಮಿ' ಯೋಜನೆಯಲ್ಲಿ ಕಂಪ್ಯೂಟರಿಗೆ ಬಂದು ಎರಡು ದಶಕಗಳೇ ಕಳೆದಿವೆ. ಈಗ ಶುಲ್ಕ ಕಟ್ಟಿ ಮನೆಯಲ್ಲೇ ಪಹಣಿ ಪಡೆಯಬಹುದು. ಅನೇಕ ಹಾಲು ಉತ್ಪಾದಕರ ಸಂಘಗಳಲ್ಲಿ ಅಳತೆ, ಜಿಡ್ಡು, ದರ ನಮೂದಿಸಿದ ಚೀಟಿಯೂ ಪ್ರಿಂಟರಿನಿಂದಲೇ ಬರುತ್ತದೆ. ಸಾಲದ ಅರ್ಜಿಗೆ ಕೊನೆಯ ದಿನ ಪ್ರಿಂಟರ್ ಕೈಕೊಟ್ಟರೆ, ಶಿವಮೊಗ್ಗದ ಸುತ್ತಲಿನ ಹಳ್ಳಿಯ ರೈತ ಬಸ್ಸು ಹಿಡಿದು ವಿದ್ಯಾನಗರದ ಅಂಗಡಿಗೆ ಬರಬೇಕಾಗುತ್ತದೆ. ಒಂದು ದಿನದ ಕೆಲಸ ಕೆಡುತ್ತದೆ. ಎಷ್ಟೋ ವೇಳೆ ದೋಷ ಇರುವುದು ಯಂತ್ರದಲ್ಲಲ್ಲ, ಕೇಬಲಿನ ಜೋಡಣೆಯಲ್ಲಿ.

ಕೇಬಲಿನ ಆಯ್ಕೆ

ಈಗಿನ ಪ್ರಿಂಟರುಗಳಿಗೆ ಯುಎಸ್‌ಬಿ ಕೇಬಲ್ ಬೇಕು. ಇದರ ಚಪ್ಪಟೆ ತುದಿ ಕಂಪ್ಯೂಟರಿಗೆ, ಚೌಕ ತುದಿ ಪ್ರಿಂಟರಿಗೆ. ಉದ್ದ 5 ಮೀಟರು ಮೀರಬಾರದು. 2 ಮೀಟರಿನೊಳಗಿದ್ದರೆ ಉತ್ತಮ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳ ಅಗಲವಾದ ಪ್ಯಾರಲಲ್ ಕೇಬಲನ್ನು ಎರಡೂ ಯಂತ್ರಗಳ ಸ್ವಿಚ್ ಆರಿಸಿಯೇ ಜೋಡಿಸಬೇಕು.

ಜೋಡಿಸುವ ಕ್ರಮ

1. ಪ್ರಿಂಟರಿನ ಮೂರು ಪಿನ್ನಿನ ಪ್ಲಗ್ಗನ್ನು ಅರ್ತಿಂಗ್ ಇರುವ ಸಾಕೆಟ್ಟಿಗೇ ಹಾಕಿ. ಲೇಸರ್ ಪ್ರಿಂಟರನ್ನು ಸಣ್ಣ ಯುಪಿಎಸ್‌ಗೆ ಜೋಡಿಸಬೇಡಿ. ಅದು ಕಾಯುವಾಗ ಹೆಚ್ಚು ವಿದ್ಯುತ್ ಎಳೆಯುತ್ತದೆ.
2. ಪ್ರಿಂಟರಿನ ಕೈಪಿಡಿ ಓದಿ. ಕೆಲವು ಮಾದರಿಗಳಲ್ಲಿ ಮೊದಲು ತಂತ್ರಾಂಶ ಹಾಕಿ, ಅದು ಕೇಳಿದಾಗಲೇ ಕೇಬಲ್ ಜೋಡಿಸಬೇಕು.
3. ಕೇಬಲನ್ನು ಕಂಪ್ಯೂಟರಿಗೆ ನೇರವಾಗಿ ಜೋಡಿಸಿ, ನಡುವೆ ಬೇರೆ ಕವಲು ಬೇಡ. ಮುಂದೆಯೂ ಅದೇ ಕಿಂಡಿಯನ್ನೇ ಬಳಸಿ. ಕಿಂಡಿ ಬದಲಿಸಿದರೆ ಕಂಪ್ಯೂಟರ್ ಅದೇ ಪ್ರಿಂಟರನ್ನು ಕೆಲವೊಮ್ಮೆ ಹೊಸದೆಂದು ಎಣಿಸುತ್ತದೆ. ಕಳುಹಿಸಿದ ಕಾಗದ ಹಳೆಯ ಹೆಸರಿನಲ್ಲೇ ಸಿಕ್ಕಿ ನಿಲ್ಲುತ್ತದೆ.
4. ಪರೀಕ್ಷಾ ಪುಟವೊಂದನ್ನು ಮುದ್ರಿಸಿ ನೋಡಿ.

ಮುದ್ರಣ ಬಾರದಿದ್ದರೆ

ತೋಟಕ್ಕೆ ನೀರು ಬಾರದಿದ್ದಾಗ ಮೊದಲು ಮೋಟಾರು ತಿರುಗುತ್ತಿದೆಯೇ ಎಂದು ನೋಡಿ, ಆಮೇಲೆ ಪೈಪು ನೋಡುತ್ತೇವೆ. ಇಲ್ಲಿಯೂ ಹಾಗೆಯೇ. ಅನೇಕ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳಲ್ಲಿ ಕಾಗದ ಮುಂದೂಡುವ ಗುಂಡಿಯನ್ನು ಒತ್ತಿ ಹಿಡಿದು ಸ್ವಿಚ್ ಹಾಕಿದರೆ, ಕೇಬಲ್ ಇಲ್ಲದೆಯೇ ಪರೀಕ್ಷಾ ಅಕ್ಷರಗಳು ಮೂಡುತ್ತವೆ. ಮೂಡಿದರೆ ಪ್ರಿಂಟರ್ ಸರಿಯಿದೆ. ನಂತರ ಬೇರೊಂದು ಕೇಬಲ್ ಹಾಕಿ ನೋಡಿ. ಆಗಲೂ ಬಾರದಿದ್ದರೆ, ಕಂಪ್ಯೂಟರಿನಲ್ಲಿ ಸರಿಯಾದ ಪ್ರಿಂಟರಿನ ಹೆಸರು ಆಯ್ಕೆಯಾಗಿದೆಯೇ ಎಂದು ಪರಿಶೀಲಿಸಿ. ಇಷ್ಟಾದ ಮೇಲೂ ಆಗದಿದ್ದರೆ ಮಾತ್ರ ರಿಪೇರಿಯವರನ್ನು ಕರೆಯಿರಿ.

ಎಚ್ಚರಿಕೆಗಳು

ಅಡಿಕೆ, ಭತ್ತ ತುಂಬಿಟ್ಟ ಮನೆಗಳಲ್ಲಿ ಇಲಿಗಳು ಕೇಬಲ್ ಕಡಿಯುವುದುಂಟು. ಆದ್ದರಿಂದ ಕೇಬಲನ್ನು ನೆಲದ ಮೇಲೆ ಬಿಡದೆ ಗೋಡೆಗೆ ಕಟ್ಟಿ. ಮಲೆನಾಡಿನ ಮಳೆಗಾಲದಲ್ಲಿ ಕಾಗದ ಥಂಡಿ ಹಿಡಿದು ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿಡಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮೋಡ ಕಟ್ಟುತ್ತಿದ್ದಂತೆಯೇ ಎರಡೂ ಯಂತ್ರಗಳ ಪ್ಲಗ್ ತೆಗೆದಿಡಿ. ಸಿಡಿಲು ಹೊಡೆಯತೊಡಗಿದ ಮೇಲೆ ತಂತಿ ಮುಟ್ಟಬಾರದು.

ಗಡುವಿನ ದಿನದವರೆಗೆ ಕಾಯದೆ, ವಾರ ಮೊದಲೇ ಒಂದು ಪುಟ ಮುದ್ರಿಸಿ ನೋಡುವುದು ಲೇಸು.