ಸಂಬಳ ಹಂಚೋದಕ್ಕೂ ಮೊದಲು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬಂದ ನಮಗೆ ದುಡ್ಡಿನ ಕಷ್ಟ ಹೊಸದಲ್ಲ. ಹೊಗೆಸೊಪ್ಪು ಬೆಳೆಯುವ ಮನೆಗೆ ವರ್ಷದ ಹಣ ಬರೋದು ಹರಾಜು ನಡೆಯುವ ಕೆಲವೇ ತಿಂಗಳಲ್ಲಿ. ಗೊಬ್ಬರದ ಸಾಲ, ಸೌದೆ, ಕೂಲಿ, ನಮ್ಮ ಫೀಸು ಎಲ್ಲಾ ಅದರಲ್ಲೇ. ಕಟ್ಟೆಮಳಲವಾಡಿಯ ಹರಾಜಿನಲ್ಲಿ ಕೆ.ಜಿ.ಗೆ ಐದು ರೂಪಾಯಿ ಇಳಿದರೂ ಅವತ್ತು ಊಟದ ಹೊತ್ತಲ್ಲಿ ಯಾರೂ ಮಾತಾಡಲ್ಲ.

ಆದ್ದರಿಂದ ಉಳಿತಾಯ, ಎಸ್‌ಐಪಿ ಅಂತ ಯಾರಾದರೂ ಪಾಠ ಮಾಡಿದರೆ ತಲೆಯಾಡಿಸುತ್ತೇವೆ. ಸಂಬಳವನ್ನು ಹೀಗೆ ಹಂಚಿ ಅಂತಾರೆ, ಸರಿ. ಆದರೆ ಯಾವ ಕೆಲಸದ ಸಂಬಳ?

ಒಂದು ಲೆಕ್ಕ ನೋಡೋಣ. 4 ಲಕ್ಷ ಶಿಕ್ಷಣ ಸಾಲ, ಶೇ. 10 ಬಡ್ಡಿ, 10 ವರ್ಷದ ಅವಧಿ ಅಂತಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 5,286 ರೂಪಾಯಿ. ಒಟ್ಟು ಕಟ್ಟೋದು 6.34 ಲಕ್ಷ, ಓದುವ ವರ್ಷಗಳ ಬಡ್ಡಿ ಬೇರೆ. ಮನಸ್ಸಿಲ್ಲದ ಕೆಲಸವನ್ನು ನಾವು ಎರಡೇ ವರ್ಷಕ್ಕೆ ಬಿಡಬಹುದು, ಕಂತು ನಮ್ಮನ್ನು ಬಿಡಲ್ಲ. ಬಜೆಟ್ ಎಷ್ಟೇ ಚೆನ್ನಾಗಿ ಬರೆದರೂ ಈ ತಪ್ಪು ಅದರಿಂದ ಸರಿಹೋಗಲ್ಲ.

ಹಾಗಾದರೆ ನಮಗೇನು ಬೇಕು ಅಂತ ತಿಳಿಯೋದು ಹೇಗೆ? ಆನ್‌ಲೈನ್ ಪರ್ಸನಾಲಿಟಿ ಟೆಸ್ಟ್‌ಗಳ ಮೇಲೆ ನಮಗೆ ಅಷ್ಟು ನಂಬಿಕೆಯಿಲ್ಲ. ಯಾರೂ ಹೇಳದಿದ್ದರೂ ನಾವಾಗಿಯೇ ಮೈಮರೆತು ಮಾಡಿದ ಕೆಲಸ ಯಾವುದು ಅಂತ ಒಂದು ಹಾಳೆಯಲ್ಲಿ ಬರೆಯೋದು ವಾಸಿ.

ನಮ್ಮಲ್ಲೊಬ್ಬ ಪಿರಿಯಾಪಟ್ಟಣದವನು. ಎಲ್ಲರೂ ಹೇಳಿದರು ಅಂತ ಕಂಪ್ಯೂಟರ್ ಸೈನ್ಸ್ ಸೇರಿದ, ಎರಡನೇ ವರ್ಷಕ್ಕೆ ಬೇಸರ ಬಂತು. ಹಾಳೆಯಲ್ಲಿ ಅವನು ಬರೆದದ್ದು ಒಂದೇ: ರಾತ್ರಿಯಿಡೀ ಬ್ಯಾರನ್ ಕಾಯೋದು. ಸೊಪ್ಪು ಹಳದಿಯಾಗುವ ತನಕ 100 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು, ಕೊನೆಗೆ ದಂಟು ಒಣಗಲು 160ರವರೆಗೆ. ಐದಾರು ದಿನ ಸೌದೆ ಹೆಚ್ಚುಕಮ್ಮಿ ಮಾಡುತ್ತಾ, ಕಿಂಡಿ ತೆಗೆಯುತ್ತಾ ಮುಚ್ಚುತ್ತಾ ಅದನ್ನು ಕಾಯಬೇಕು. ಹೀಟ್ ಟ್ರಾನ್ಸ್‌ಫರ್, ಕಂಟ್ರೋಲ್ ಸಿಸ್ಟಮ್ ಎರಡೂ ಅಲ್ಲೇ ಇದ್ದವು, ಹೆಸರು ಗೊತ್ತಿರಲಿಲ್ಲ ಅಷ್ಟೆ!

ಅವನು ಬ್ರ್ಯಾಂಚ್ ಬದಲಿಸಲಿಲ್ಲ. ರಜೆಯಲ್ಲಿ ಸೆನ್ಸರ್ ಕೂರಿಸಿ, ತಾಪಮಾನ ಫೋನಿಗೆ ಬರುವಂತೆ ಕೋಡ್ ಬರೆದ. ಇಂಥ ಕೆಲಸ ಮಾಡುವ ಇಬ್ಬರು ಸೀನಿಯರ್‌ಗಳಿಗೆ ಫೋನ್ ಮಾಡಿ ದಿನ ಹೇಗಿರುತ್ತೆ, ಶುರುವಿನ ಸಂಬಳ ಎಷ್ಟು ಅಂತ ಕೇಳಿದ. ಕಂತಿನ ಲೆಕ್ಕ ಹಾಕಿದ್ದು ಅದಾದ ಮೇಲೆ.

ಅವರಪ್ಪ ಕೇಳಿದ್ದು ಮಾತ್ರ ಬೇರೆ: "ಇದರಿಂದ ಸೌದೆ ಕಮ್ಮಿ ಆಯ್ತದೇನ್ಲಾ?" ಈ ಸಲದ ಸೌದೆಯನ್ನು ಅವನು ತೂಕ ಹಾಕಿ ಬರೆದಿಡುತ್ತಿದ್ದಾನೆ.