ಎರೆ ನೆಲದ ಸರ್ವರ್

‘ಸರ್ವರ್ ಡೌನ್ ಐತ್ರಿ’ ಎಂಬ ಮಾತು ನಮ್ಮ ರೋಣ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಉತಾರ ತೆಗೆಸಲು, ಬೆಳೆವಿಮೆ ತುಂಬಲು ಬಂದ ರೈತ ಅದನ್ನು ಕೇಳಿ ಅರ್ಧ ದಿನದ ಹೊಲದ ಕೆಲಸ ಕಳೆದುಕೊಂಡು ತನ್ನೂರಿಗೆ ತಿರುಗಿ ಹೋಗುತ್ತಾನೆ. ಆ ದೊಡ್ಡ ಸರ್ವರುಗಳು ಎಲ್ಲೋ ದೂರದ ಊರಿನಲ್ಲಿವೆ, ಅವುಗಳ ಮೇಲೆ ನನ್ನ ಕೈ ನಡೆಯದು. ಆದರೆ ಈ ಭಾಗದ ಸಹಕಾರಿ ಸಂಘವೊಂದರ ಸಾಲ, ಠೇವಣಿಯ ಲೆಕ್ಕ ಹೊತ್ತ ಸಣ್ಣ ಸರ್ವರ್ ನನ್ನ ಉಸ್ತುವಾರಿಯಲ್ಲಿದೆ. ಅದರ ಮುಂದೆ ಯಾರೂ ಬರಿಗೈಲಿ ಹೋಗಬಾರದು ಎಂಬುದು ನನ್ನ ಹಟ.

ಇಲ್ಲಿ ಸರ್ವರಿನ ರೋಗ ಹುಡುಕುವವರು ಮೊದಲು ನೆಲ ನೋಡಬೇಕು. ಒಂದು ಬೇಸಿಗೆಯಲ್ಲಿ ಮಧ್ಯಾಹ್ನವಾದರೆ ಸಾಕು, ನೆಟ್‌ವರ್ಕ್ ಸ್ವಿಚ್ ನಿಂತುಬಿಡುತ್ತಿತ್ತು, ಹೆಬ್ಬೆಟ್ಟಿನ ಯಂತ್ರ ಕೈಕೊಡುತ್ತಿತ್ತು. ರಿಪೇರಿಗೆ ಬಂದ ಹುಡುಗರು ರ್‍ಯಾಮ್ ಬದಲಿಸಿದರು, ಎಸ್‌ಎಂಪಿಎಸ್ ಬದಲಿಸಿದರು, ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕೋಣ ಎಂದರು. ಸಂಘದ ಸಿಪಾಯಿ ನಡುವೆ ಒಂದು ಮಾತು ಹೇಳಿದ: “ಸರ, ಡಬ್ಬಿ ಮುಟ್ಟಿದ್ರ ಕೈ ಜುಮ್ ಅಂತೈತ್ರಿ.”

ಉತ್ತರ ಅದರಲ್ಲೇ ಇತ್ತು. ಮಲ್ಟಿಮೀಟರ್ ಹಿಡಿದು ನ್ಯೂಟ್ರಲ್ಲಿಗೂ ಅರ್ಥಿಂಗಿಗೂ ನಡುವೆ ಅಳೆದೆ. ಎರಡು ಮೂರು ವೋಲ್ಟಿನೊಳಗೆ ಇರಬೇಕಾದದ್ದು ಹತ್ತಾರು ವೋಲ್ಟ್ ತೋರಿಸಿತು. ಕಟ್ಟಡದ ಹಿಂದೆ ಅರ್ಥಿಂಗ್ ಗುಂಡಿಯ ಸುತ್ತ ನೆಲ ಅಂಗೈ ಇಳಿಯುವಷ್ಟು ಬಿರುಕು ಬಿಟ್ಟಿತ್ತು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಕುಗ್ಗಿದಾಗ ಹೂತ ಪೈಪಿನಿಂದ ಮಣ್ಣು ಬಿಟ್ಟುಕೊಳ್ಳುತ್ತದೆ. ಯಂತ್ರದೊಳಗಿಂದ ಸೋರುವ ಅಲ್ಪಸ್ವಲ್ಪ ಕರೆಂಟ್ ನೆಲಕ್ಕಿಳಿಯಲು ದಾರಿ ಕಾಣದೆ ಡಬ್ಬಿಯ ಮೈಮೇಲೆ ಉಳಿಯುತ್ತದೆ. ಗುಂಡಿಗೆ ಇದ್ದಲಿ, ಉಪ್ಪು ತುಂಬಿಸಿ ನೀರು ಹಾಕಿಸಿದೆವು, ತುಕ್ಕು ತಿಂದ ಕ್ಲಾಂಪ್ ಬದಲಿಸಿದೆವು. ಸ್ವಿಚ್ ನಿಲ್ಲುವುದು ನಿಂತಿತು. (ಉಪ್ಪು ಹದವಾಗಿರಲಿ, ಹೆಚ್ಚಾದರೆ ಅದೇ ಪೈಪನ್ನು ತಿನ್ನುತ್ತದೆ.) ಈಗ ಬೇಸಿಗೆ ಮುಗಿಯುವ ತನಕ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಬೀಳುತ್ತದೆ. ಅಂದಿನಿಂದ ಯಾವ ತಕರಾರು ಬಂದರೂ ದಿನಾ ಯಂತ್ರ ಮುಟ್ಟುವವರನ್ನು ಮೊದಲು ಕೇಳುತ್ತೇನೆ, ಸ್ಕ್ರೂ ಆಮೇಲೆ ಬಿಚ್ಚುತ್ತೇನೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ವಹಿಯಲ್ಲಿ ಬರೆದಿಡುತ್ತೇನೆ. ಮೂರು ಒಟ್ಟಿಗೆ ಬದಲಿಸಿದರೆ ವಾಸಿಯಾದದ್ದು ಯಾವುದರಿಂದ ಎಂಬುದೇ ತಿಳಿಯದು.

ಮದರ್‌ಬೋರ್ಡಿನ ಮೇಲಿನ 3 ವೋಲ್ಟಿನ ಬಿಲ್ಲೆ ಸೆಲ್ಲನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಅದು ಸತ್ತ ಮೇಲೆ ಕರೆಂಟ್ ಪೂರ್ತಿ ಹೋಗಿ ಬಂದರೆ ಯಂತ್ರದ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದರೆ ಬಡ್ಡಿ ತಪ್ಪುತ್ತದೆ, ಬ್ಯಾಂಕಿನ ಜಾಲತಾಣವೂ ತೆರೆಯುವುದಿಲ್ಲ. ಯುಪಿಎಸ್‌ನಿಂದ ಸರ್ವರಿಗೆ ಒಂದು ಯುಎಸ್‌ಬಿ ಕೇಬಲ್ ಹಾಕಿ ಹೊಂದಿಸಿದರೆ ಬ್ಯಾಟರಿ ಮುಗಿಯುವ ಮೊದಲೇ ಯಂತ್ರ ತಾನಾಗಿ ಬಂದ್ ಆಗುತ್ತದೆ, ಬರೆಯುತ್ತಿದ್ದ ಲೆಕ್ಕ ನಡುವೆ ಕಡಿಯುವುದಿಲ್ಲ. ಕಡಲೆ ರಾಶಿ ಮುಗಿದ ಮೇಲೆ ಯಂತ್ರದೊಳಗೆ ಕೂತ ಧೂಳಿಗೆ ಬ್ಲೋವರ್ ಹಿಡಿಯಲೇಬೇಕು. ಆಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿರಬೇಕು.

ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಮೊದಲ ಕೃಷಿ ಸಹಕಾರಿ ಸಂಘಗಳಲ್ಲಿ ಒಂದನ್ನು ಕಟ್ಟಿದರು. ಅಂದಿಗೂ ಇಂದಿಗೂ ರೈತ ಒಂದು ಸಂಘವನ್ನು ನಂಬುವುದು ಅದರ ಲೆಕ್ಕ ನಂಬಿ. ಆ ಲೆಕ್ಕ ಡಿಸ್ಕಿಗೆ ಬಂದ ಮೇಲೆ ಬ್ಯಾಕಪ್ ಎಂಬುದು ತಾಂತ್ರಿಕ ವಿಷಯವಷ್ಟೇ ಅಲ್ಲ. ಜೋಡಿ ಡಿಸ್ಕ್ ಇದೆಯೆಂದು ನಿಶ್ಚಿಂತೆಯಾಗಿರುವವರಿಗೆ ನಾನು ಹೇಳುವುದು ಇಷ್ಟೇ: ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಆ ಕ್ಷಣವೇ ಅಳಿಯುತ್ತದೆ. ಆದ್ದರಿಂದ ಬ್ಯಾಕಪ್ಪನ್ನು ಬೇರೆ ಡಿಸ್ಕಿನಲ್ಲಿ ತೆಗೆದು, ಪ್ರತಿ ತಿಂಗಳು ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು, ಕೈಗೆ ಸಿಕ್ಕ ಒಂದು ಖಾತೆಯ ಬಾಕಿಯನ್ನು ಕಾಗದದ ಲೆಜರಿನೊಂದಿಗೆ ತಾಳೆ ನೋಡುತ್ತೇವೆ. ತಾಳೆಯಾದ ಮೇಲೆ ಆ ಬ್ಯಾಕಪ್ ಡಿಸ್ಕ್ ಸಂಘದ ಕಟ್ಟಡದಲ್ಲಿ ಉಳಿಯುವುದಿಲ್ಲ, ಬೇರೆ ಊರಿಗೆ ಹೋಗುತ್ತದೆ.