ಮೀನಿಗೆ ಮನೆಯಂಗಳದ ಆಹಾರ

ವ್ಯರ್ಥಶ್ರಮವನ್ನು ‘ತೌಡು ಕುಟ್ಟುವುದು’ ಎನ್ನುವುದು ನಮ್ಮ ನುಡಿಯ ರೂಢಿ. ಆದರೆ ಹಾಸನ ಸೀಮೆಯಲ್ಲಿ ಮೀನು ಸಾಕುವ ರೈತನಿಗೆ ತೌಡು ವ್ಯರ್ಥವಸ್ತುವಲ್ಲ. ಮೀನನ್ನು ಉಣ್ಣದ ನಾನು ಮೀನಿನ ಊಟವನ್ನು ಕುರಿತು ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ನಮ್ಮಲ್ಲಿ ಓದುವ ಎಷ್ಟೋ ಮಕ್ಕಳ ಮನೆಯ ಒಲೆ ಕೆರೆಯನ್ನೂ ಕೃಷಿಹೊಂಡವನ್ನೂ ನಂಬಿದೆ. ಆದುದರಿಂದ ಈ ವಿಷಯ ನಮಗೆ ಹೊರಗಿನದಲ್ಲ.

ಮೀನುಸಾಕಣೆಯ ವೆಚ್ಚದಲ್ಲಿ ಸಾಮಾನ್ಯವಾಗಿ ಅರ್ಧಕ್ಕೂ ಮಿಗಿಲಾದುದು ಆಹಾರಕ್ಕೇ ಸಲ್ಲುತ್ತದೆ. ಅಂಗಡಿಯ ಸಿದ್ಧ ಆಹಾರವನ್ನೇ ನಂಬಿದರೆ ಬಡರೈತನಿಗೆ ಲಾಭವುಳಿಯುವುದು ಕಷ್ಟ. ಹೊಳೆನರಸೀಪುರ, ಅರಕಲಗೂಡುಗಳ ಭತ್ತದಿಂದ ತೌಡು, ಚನ್ನರಾಯಪಟ್ಟಣದ ತೆಂಗಿನಿಂದ ಕೊಬ್ಬರಿ ಹಿಂಡಿ ನಮ್ಮಲ್ಲೇ ದೊರೆಯುತ್ತವೆ.

ಕಾಟ್ಲಾ, ರೋಹು, ಮೃಗಾಲ್ ಮೀನುಗಳಿಗೆ ಕಡಲೆಕಾಯಿ ಹಿಂಡಿಯನ್ನೂ ಅಕ್ಕಿತೌಡನ್ನೂ ಸಮತೂಕದಲ್ಲಿ ಬೆರೆಸಿ ಕೊಡುವುದು ಪರೀಕ್ಷಿತ ಕ್ರಮ. ಹಿಂಡಿಯಲ್ಲಿ ಸಸಾರಜನಕ ಸುಮಾರು ಶೇ. 40, ತೌಡಿನಲ್ಲಿ ಶೇ. 12; ಬೆರೆತಾಗ ಶೇ. 26. ಬೆಳೆಯುವ ಮೀನಿಗೆ ಇಷ್ಟು ಸಾಕು. ಕೊಬ್ಬರಿ ಹಿಂಡಿಯಲ್ಲಿ ಸಸಾರಜನಕವು ಕಡಲೆ ಹಿಂಡಿಯ ಅರ್ಧದಷ್ಟೇ ಇರುವುದರಿಂದ, ಅದನ್ನು ಒಂದು ಪಾಲಾಗಿ ಸೇರಿಸಬಹುದೇ ಹೊರತು ಪೂರ್ಣ ಬದಲಿಯಾಗಿ ಅಲ್ಲ.

ಹಿಂಡಿಯನ್ನು ಇರುಳು ನೆನೆಯಿಟ್ಟು, ಬೆಳಗ್ಗೆ ತೌಡಿನೊಡನೆ ಕಲಸಿ ಮುದ್ದೆಮಾಡಿ, ಬುಟ್ಟಿಯಲ್ಲಿರಿಸಿ ನಿತ್ಯವೂ ಒಂದೇ ಸ್ಥಳದಲ್ಲಿ ನೀರಿಗಿಳಿಸಬೇಕು. ಎರಡು ಗಂಟೆಯ ಬಳಿಕ ಉಳಿದಿದ್ದರೆ ಮರುದಿನ ಕಡಿಮೆ ಮಾಡಬೇಕು. ಉಳಿಕೆ ಕೊಳೆತು ನೀರಿನ ಆಮ್ಲಜನಕವನ್ನು ಹೀರುತ್ತದೆ. ಮೋಡ ಕವಿದ ದಿನ, ಮೀನುಗಳು ಮೇಲೆ ಬಂದು ಬಾಯಿ ತೆರೆಯುವ ಮುಂಜಾನೆ, ಆಹಾರ ನಿಲ್ಲಿಸುವುದೇ ಲೇಸು.

ಎಣ್ಣೆ ಹಿಂಡಿದ ಮೇಲೆ ಉಳಿದುದೆಲ್ಲ ಹಿಂಡಿಯೇ; ಆದರೆ ಎಲ್ಲ ಹಿಂಡಿಯೂ ಆಹಾರವಲ್ಲ. ಹಿಪ್ಪೆ ಹಿಂಡಿ ಮೀನಿಗೆ ವಿಷ. ಮರಿ ಬಿಡುವ ಮುನ್ನ ಕೊಳದ ಬೇಡದ ಮೀನುಗಳನ್ನು ಕೊಲ್ಲಲು ಅದನ್ನು ಬಳಸುತ್ತಾರೆ. ಬೂಷ್ಟು ಹಿಡಿದ ಕಡಲೆ ಹಿಂಡಿಯನ್ನೂ ತ್ಯಜಿಸಬೇಕು; ಅಗ್ಗವೆಂದು ಕೊಂಡರೆ ವರ್ಷದ ದುಡಿಮೆಯೇ ಹಾಳಾದೀತು.

ಇನ್ನು ಪ್ರಮಾಣ. ತಲಾ 200 ಗ್ರಾಂ ತೂಗುವ 1000 ಮೀನುಗಳಿದ್ದರೆ ಒಟ್ಟು ತೂಕ 200 ಕಿಲೋ. ಅದರ ಶೇ. 2ರಂತೆ ದಿನಕ್ಕೆ 4 ಕಿಲೋ: ಹಿಂಡಿ 2, ತೌಡು 2. ಮರಿಗಳಿಗೆ ಪ್ರಮಾಣ ಹೆಚ್ಚು, ಬಲಿತ ಮೀನಿಗೆ ಕಡಿಮೆ. ತಿಂಗಳಿಗೊಮ್ಮೆ ಬಲೆ ಬೀಸಿ ಕೆಲವನ್ನು ತೂಗಿ ಲೆಕ್ಕ ತಿದ್ದಬೇಕು. ಈ ಶೇಕಡಾ ಲೆಕ್ಕ ನಮ್ಮ ಏಳನೆಯ ತರಗತಿಯ ಮಕ್ಕಳಿಗೂ ಬರುತ್ತದೆ. ಅವರು ಅದನ್ನು ಪರೀಕ್ಷೆಯ ಹಾಳೆಯಲ್ಲಿ ಬಿಟ್ಟುಬಾರದೆ ಮನೆಯ ಕೆರೆಯಂಗಳಕ್ಕೆ ಒಯ್ದರೆ, ಕಲಿಸಿದ ನಮ್ಮ ಶ್ರಮ ತೌಡು ಕುಟ್ಟಿದಂತಾಗದು.